ಚೀಲ ಕಾಯುವವಳ ಕ್ಯಾಮೆರಾ

ದಾಂಡೇಲಿಗೆ ರ‍್ಯಾಫ್ಟಿಂಗ್ ಮಾಡಲು ಬರುವ ಕುಟುಂಬಗಳನ್ನು ಸ್ವಲ್ಪ ಗಮನವಿಟ್ಟು ನೋಡಿ. ಗಂಡ, ಮೈದುನ, ದೊಡ್ಡ ಮಕ್ಕಳು ಲೈಫ್ ಜಾಕೆಟ್ ಬಿಗಿದುಕೊಂಡು, ತಲೆಗೆ ಹೆಲ್ಮೆಟ್ ಏರಿಸಿ ಕಾಳಿ ನದಿಗೆ ಇಳಿಯುತ್ತಾರೆ. ದಡದ ಮೇಲೆ ಒಬ್ಬಳು ಉಳಿಯುತ್ತಾಳೆ. ಅವಳ ಮಡಿಲಲ್ಲಿ ನಾಲ್ಕು ಮೊಬೈಲು, ಎರಡು ಕನ್ನಡಕ, ಕಾರಿನ ಕೀಲಿ, ಹೆಗಲ ಮೇಲೆ ಎಲ್ಲರ ಟವೆಲ್ಲು, ಪಕ್ಕದಲ್ಲಿ ಚಕ್ಕುಲಿ ಡಬ್ಬಿ. ರ‍್ಯಾಫ್ಟು ನೊರೆಯೊಳಗೆ ಧುಮುಕುವ ಹೊತ್ತಿಗೆ ನದಿಯೊಳಗಿಂದ ಒಂದು ಕೂಗು ಬರುತ್ತದೆ: ‘ಫೋಟೊ ತೆಗಿಯೇ!’ ಅವಳು ಪಾಪ, ನಾಲ್ಕರಲ್ಲಿ ಯಾವುದೋ ಒಂದು ಮೊಬೈಲು ಹುಡುಕಿ ಒತ್ತುತ್ತಾಳೆ. ಸಂಜೆ ಚಹದ ಮುಂದೆ ಎಲ್ಲರೂ ಕೂಡಿ ನೋಡುತ್ತಾರೆ. ದೊಡ್ಡ ಕಾಡು, ದೊಡ್ಡ ನದಿ, ನಡುವೆ ಸಾಸಿವೆ ಕಾಳಿನಷ್ಟು ರ‍್ಯಾಫ್ಟು. ‘ಇದೇನು, ಇರುವೆ ಹೊಂಟಂಗ ಐತಲ್ಲ!’ ಎಂದು ನಗು. ಅಲ್ಲಿಗೆ ತೀರ್ಪು ಆಯಿತು, ಅವಳಿಗೆ ಫೋಟೊ ತೆಗೆಯಲು ಬರುವುದಿಲ್ಲ.

ನನ್ನ ಜಗಳ ಇರುವುದು ಈ ತೀರ್ಪಿನ ಜೊತೆ. ನಾನು ದಾಂಡೇಲಿಗೆ ಸೊಸೆಯಾಗಿ ಬಂದವಳು. ಪೇಪರ್ ಮಿಲ್ಲಿನ ಊರು ಎಂದು ಹೆಸರಾಗಿದ್ದ ಊರು ರೆಸಾರ್ಟಿನ ಊರೂ ಆದದ್ದನ್ನು ಇಲ್ಲಿಯೇ ಇದ್ದು ನೋಡಿದವಳು. ಚೀಲ ಕಾಯುವವಳ ಕೈಯಲ್ಲಿ ತಪ್ಪಿಲ್ಲ, ಕೈಗೆ ಕೊಟ್ಟ ಸಾಧನದಲ್ಲಿ ತಪ್ಪಿದೆ ಎಂದು ನಾನು ವಾದಿಸುತ್ತೇನೆ. ಇನ್ನೂ ಮುಂದೆ ಹೋಗಿ ಹೇಳುತ್ತೇನೆ: ನೀರಿನ ಆಟದ ಚಿತ್ರ ತೆಗೆಯಲು ಇಡೀ ಕುಟುಂಬದಲ್ಲಿ ಸರಿಯಾದ ಜಾಗದಲ್ಲಿ ನಿಂತಿರುವವಳು ಅವಳೊಬ್ಬಳೇ.

ಲೆಕ್ಕ ಬೇಕೇ? ಇಲ್ಲಿದೆ. ರ‍್ಯಾಫ್ಟಿನ ಉದ್ದ ಸುಮಾರು 14 ಅಡಿ ಎಂದಿಟ್ಟುಕೊಳ್ಳಿ. ಅದು ನಿಮ್ಮಿಂದ 150 ಅಡಿ ದೂರದಲ್ಲಿ ಹಾದುಹೋಗುತ್ತದೆ ಎನ್ನೋಣ. ಮೊಬೈಲಿನ ಸಾಮಾನ್ಯ ಲೆನ್ಸಿಗೆ ಆ ದೂರದಲ್ಲಿ ಹೆಚ್ಚುಕಡಿಮೆ 200 ಅಡಿ ಅಗಲದ ದೃಶ್ಯ ಕಾಣುತ್ತದೆ. 200 ಅಡಿಯಲ್ಲಿ 14 ಅಡಿ ಸಾಸಿವೆಯಾಗದೆ ಇನ್ನೇನಾದೀತು? ಕ್ಯಾಮೆರಾ ಕೊಂಡಾಗ ಜೊತೆಗೆ ಬರುವ 18–55 ಮಿ.ಮೀ. ಲೆನ್ಸನ್ನು ಪೂರ್ತಿ ಎಳೆದರೂ 60 ಅಡಿ ಚಿಲ್ಲರೆ. ಅದೇ ಕ್ಯಾಮೆರಾಗೆ 250 ಮಿ.ಮೀ. ಲೆನ್ಸು ಹಾಕಿದರೆ? ಸುಮಾರು 14 ಅಡಿ. ಅಂದರೆ ರ‍್ಯಾಫ್ಟು ಈ ತುದಿಯಿಂದ ಆ ತುದಿಯವರೆಗೆ ಚೌಕಟ್ಟು ತುಂಬುತ್ತದೆ, ಹೆದರಿದ ಮೈದುನನ ಬಾಯಿ ಎಷ್ಟು ತೆರೆದಿತ್ತು ಎಂಬುದೂ ಕಾಣುತ್ತದೆ. ಈ ಲೆಕ್ಕಕ್ಕೆ ಹೆಣ್ಣು ಗಂಡು ಭೇದವಿಲ್ಲ. ಮೊಬೈಲನ್ನು ಬೆರಳಿನಿಂದ ಹಿಗ್ಗಿಸಿದರೆ ಆಗದೇ ಎಂದು ಕೇಳುವವರಿದ್ದಾರೆ. ಇದ್ದ ಹಿಟ್ಟನ್ನೇ ಲಟ್ಟಿಸಿ ಲಟ್ಟಿಸಿ ಹತ್ತು ಜನರಿಗೆ ಚಪಾತಿ ಮಾಡಿದ ಹಾಗೆ ಅದು. ಎಳೆದಷ್ಟೂ ತೆಳುವಾಗಿ ಕಡೆಗೆ ತೂತು ಬೀಳುತ್ತದೆ. ಈಚಿನ ದುಬಾರಿ ಮೊಬೈಲುಗಳಲ್ಲಿ ದೂರದ್ದಕ್ಕೆ ಬೇರೆಯೇ ಲೆನ್ಸು ಕೂಡಿಸಿರುತ್ತಾರೆ, ಅದು ತಕ್ಕಮಟ್ಟಿಗೆ ಪರವಾಗಿಲ್ಲ. ಆದರೆ ಆ ಮೊಬೈಲು ಮನೆಯಲ್ಲಿ ಯಾರ ಜೇಬಿನಲ್ಲಿ ಇರುತ್ತದೆ, ನೀವೇ ಹೇಳಿ.

ಹೋದ ವರ್ಷ ತಂಗಿಯ ಮಗಳ ಸಲುವಾಗಿ ಹುಬ್ಬಳ್ಳಿಯ ಒಂದು ಅಂಗಡಿಗೆ ಹೋಗಿದ್ದೆವು. ಹಳಿಯಾಳದ ಹುಡುಗಿ, ಬಿ.ಕಾಂ. ಮುಗಿಸಿದ್ದಾಳೆ. ಗಣೇಶಗುಡಿಯ ದಡದಲ್ಲಿ ನಿಂತು ರ‍್ಯಾಫ್ಟಿಂಗ್ ಮಾಡುವವರ ಚಿತ್ರ ತೆಗೆದು ಅವರಿಗೇ ಮಾರಬೇಕು ಎನ್ನುವುದು ಅವಳ ಯೋಜನೆ. ಅಂಗಡಿಯವ ವಿನಯವಂತ, ಕುರ್ಚಿ ಕೊಟ್ಟ, ಚಹ ತರಿಸಿದ.

‘ಯಾರ ಸಲುವಾಗಿ ರೀ ಅಕ್ಕಾರ?’

‘ಈಕಿ ಸಲುವಾಗಿ. ದೂರದ್ದು ತೆಗಿಯೂ ಲೆನ್ಸ್ ಬೇಕಾಗಿತ್ತು.’

‘ಅಷ್ಟು ದೊಡ್ಡದು ಯಾಕ್ರೀ? ಭಾರ ಆಗ್ತದ. ಹೆಣ್ಮಕ್ಕಳಿಗೆ ಇದು ಛಲೋ ನೋಡ್ರಿ’ ಎಂದು ಗುಲಾಬಿ ಬಣ್ಣದ, ಅಂಗೈಯಲ್ಲಿ ಕೂರುವ ಒಂದು ಕ್ಯಾಮೆರಾ ಮುಂದಿಟ್ಟ. ಅಷ್ಟರಲ್ಲಿ ಗಾಡಿ ನಿಲ್ಲಿಸಿ ನಮ್ಮ ಯಜಮಾನರು ಒಳಗೆ ಬಂದರು. ಗುಲಾಬಿ ಬಣ್ಣದ್ದು ಮಾಯವಾಗಿ 45 ಮೆಗಾಪಿಕ್ಸೆಲ್ಲಿನ ಒಂದು ಕರಿಯ ಕಲ್ಲಿನಂಥ ಕ್ಯಾಮೆರಾ ಮೇಜಿನ ಮೇಲೆ ಬಂತು. ‘ಸಾಹೇಬ್ರ, ಇದು ಒಮ್ಮೆ ತಗೊಂಡ್ರ ಮುಗೀತ್ರೀ.’ ಅದರ ಬೆಲೆ ಕೇಳಿದರೆ ಲೆನ್ಸಿಗೆ ದುಡ್ಡೇ ಉಳಿಯುವಂತಿರಲಿಲ್ಲ. ಹೆಂಗಸರಿಗೊಂದು ಸಲಹೆ, ಗಂಡಸರಿಗೊಂದು ಸಲಹೆ. ಎರಡೂ ಸಲಹೆಗಳಿಂದ ಕಾಳಿ ನದಿಯಲ್ಲಿ ಸಿಗುವುದು ಒಂದೇ, ಸಾಸಿವೆ ಕಾಳು. ದುಬಾರಿಯದರಲ್ಲಿ ಸಾಸಿವೆ ಸ್ವಲ್ಪ ಸ್ಪಷ್ಟವಾಗಿ ಕಾಣುತ್ತದೆ ಅಷ್ಟೆ.

ಈ ‘ಭಾರ’ದ ಮಾತು ನನಗೆ ಅರ್ಥವಾಗುವುದೇ ಇಲ್ಲ. ಕ್ಯಾನನ್‌ನವರ 55–250 ಮಿ.ಮೀ. ಲೆನ್ಸಿನ ತೂಕ 400 ಗ್ರಾಮಿಗೂ ಕಡಿಮೆ. ಬಾಡಿ ಸೇರಿಸಿದರೆ ಹೆಚ್ಚುಕಡಿಮೆ ಒಂದು ಕೆಜಿ ಸಕ್ಕರೆ ಚೀಲ. ನೀರು ತುಂಬಿದ ಕೊಡವನ್ನು ಸೊಂಟದ ಮೇಲೆ ಹೊತ್ತವರು, ಎಂಟು ತಿಂಗಳ ಕೂಸನ್ನು ಎಡಗೈಯಲ್ಲಿ ಎತ್ತಿ ಬಲಗೈಯಲ್ಲಿ ರೊಟ್ಟಿ ಬೇಯಿಸಿದವರು ನಾವು. ನಮಗೆ ಒಂದು ಕೆಜಿ ಭಾರವೇ? ಹೋಮಾಯಿ ವ್ಯಾರಾವಾಲಾ ಅವರ ಹೆಸರು ನೀವು ಕೇಳಿರಬಹುದು. 1913ರಲ್ಲಿ ಹುಟ್ಟಿದವರು, ಭಾರತದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ, 2011ರಲ್ಲಿ ಪದ್ಮವಿಭೂಷಣ ಪಡೆದವರು. ಸೀರೆ ಉಟ್ಟು ದಿಲ್ಲಿಯ ಬೀದಿಗಳಲ್ಲಿ ಸೈಕಲ್ ತುಳಿಯುತ್ತ, ಆ ಕಾಲದ ಮಣಭಾರದ ಕ್ಯಾಮೆರಾಗಳನ್ನು ಹೊತ್ತು ತಿರುಗಿದರು. ಅವರ ಮೊದಮೊದಲ ಚಿತ್ರಗಳು ಅಚ್ಚಾದದ್ದು ಗಂಡನ ಹೆಸರಿನಲ್ಲಿ, ಆ ಮಾತು ಬೇರೆ. ಬೇರೆಯೇನು, ಅದೇ ಮಾತು.

ಹಾಗಾದರೆ ಏನು ಕೊಳ್ಳಬೇಕು? ನನ್ನ ಮಟ್ಟಿಗೆ ಉತ್ತರ ಸರಳ: ಬಾಡಿಯಲ್ಲಿ ಉಳಿಸಿ, ಲೆನ್ಸಿಗೆ ಹಾಕಿ. ಕಂಪನಿಗಳೆಲ್ಲ ಮಿರರ್‌ಲೆಸ್ ಕಡೆಗೆ ಹೊರಳಿದ ಮೇಲೆ ಹಳೆಯ ಡಿಎಸ್ಎಲ್ಆರ್ ಬಾಡಿಗಳು ಸೆಕೆಂಡ್ ಹ್ಯಾಂಡಿನಲ್ಲಿ ಅಗ್ಗವಾಗಿ ಸಿಗುತ್ತಿವೆ. ಸೆಕೆಂಡಿಗೆ ಐದು ಚಿತ್ರ ತೆಗೆಯುವ, ಓಡುವ ವಸ್ತುವನ್ನು ಬಿಡದೆ ಹಿಂಬಾಲಿಸಿ ಫೋಕಸ್ ಮಾಡುವ ಬಾಡಿ ಇದ್ದರೆ ರ‍್ಯಾಫ್ಟಿಂಗಿಗೆ ಧಾರಾಳವಾಯಿತು. ಅದಕ್ಕೆ 55–250 ಅಥವಾ 70–300 ಮಿ.ಮೀ. ಲೆನ್ಸು. ಒಂದೇ ಎಚ್ಚರಿಕೆ, ನಿಕಾನ್‌ನವರ ಎಎಫ್-ಪಿ ಎಂಬ ಗುರುತಿನ ಲೆನ್ಸುಗಳು ಅವರದೇ ಕೆಲವು ಹಳೆಯ ಬಾಡಿಗಳ ಮೇಲೆ ತಾವಾಗಿ ಫೋಕಸ್ ಆಗುವುದಿಲ್ಲ. ಎರಡನ್ನೂ ಜೋಡಿಸಿ ನೋಡದೆ ದುಡ್ಡು ಎಣಿಸಬೇಡಿ. ಲೆನ್ಸಿನಲ್ಲಿ ಕೈನಡುಕ ತಡೆಯುವ ವ್ಯವಸ್ಥೆ ಇದೆ ಎಂದು ಅಂಗಡಿಯವ ದೊಡ್ಡದಾಗಿ ಹೇಳುತ್ತಾನೆ. ಅದು ತಡೆಯುವುದು ನಿಮ್ಮ ಕೈಯ ನಡುಕವನ್ನು, ರ‍್ಯಾಫ್ಟಿನ ಓಟವನ್ನಲ್ಲ. ಸೆಕೆಂಡಿಗೆ ನಾಲ್ಕು ಮೀಟರ್ ಓಡುವ ರ‍್ಯಾಫ್ಟು ಸೆಕೆಂಡಿನ ಅರವತ್ತನೇ ಒಂದು ಭಾಗದಲ್ಲಿ ಸುಮಾರು 7 ಸೆಂ.ಮೀ. ಸರಿದುಬಿಡುತ್ತದೆ, ಸಾವಿರದ ಒಂದು ಭಾಗದಲ್ಲಾದರೆ 4 ಮಿ.ಮೀ. ಮಾತ್ರ. ಆದ್ದರಿಂದ ಶಟರ್ ವೇಗವನ್ನು ಸಾವಿರಕ್ಕಿಂತ ಕೆಳಗೆ ಇಳಿಸಬೇಡಿ. ಹನಿ ಹನಿಯೂ ಗಾಳಿಯಲ್ಲಿ ಮಣಿಯ ಹಾಗೆ ನಿಲ್ಲುವುದು ಆಗಲೇ.

ಇದೇ ಲೆನ್ಸು ಮಳೆಗಾಲದಲ್ಲಿ ರ‍್ಯಾಫ್ಟಿಂಗ್ ನಿಂತಾಗ ಸುಮ್ಮನೆ ಕಪಾಟಿನಲ್ಲಿ ಕೂರುವುದಿಲ್ಲ. ಹಳಿಯಾಳದ ಕುಸ್ತಿ ಕಣದ ಅಂಚಿನಿಂದ ಪೈಲ್ವಾನರ ಪಟ್ಟುಗಳಿಗೆ ಇದೇ ಬೇಕು. ಮುಂಡಗೋಡದ ಅತ್ತಿವೇರಿ ಪಕ್ಷಿಧಾಮಕ್ಕೂ, ಅಲ್ಲಿಯ ಟಿಬೆಟನ್ ಕಾಲೊನಿಯ ಹಬ್ಬದ ಕುಣಿತಕ್ಕೂ ಇದೇ. ಗುಲಾಬಿ ಬಣ್ಣದ್ದು ಯಾವುದಕ್ಕೂ ಆಗುವುದಿಲ್ಲ. ಕೆಳಗೆ ಕರಾವಳಿಗೆ ಇಳಿದರೆ ಮಾತ್ರ ಲೆಕ್ಕ ಬದಲಾಗುತ್ತದೆ. ಮೂಲ್ಕಿ, ಸಸಿಹಿತ್ಲಿನ ಅಲೆಗಳ ಮೇಲೆ ಸರ್ಫಿಂಗ್ ಮಾಡುವವರು, ಗಾಳಿಪಟ ಹಿಡಿದು ನೀರಿನ ಮೇಲೆ ಓಡುವ ಕೈಟ್‌ಸರ್ಫಿಂಗಿನವರು ದಡದಿಂದ ಬಲು ದೂರ ಇರುತ್ತಾರೆ. ಅಲ್ಲಿ 400, 600 ಮಿ.ಮೀ. ಬೇಕು, ಮೇಲೆ ಉಪ್ಪುನೀರಿನ ಕಾಟ. ಹೊಳೆಯವರಾದ ನಾವು ಆ ಖರ್ಚಿನಿಂದ ಬಚಾವು.

ಇನ್ನು ಆ ಬೆಂಕಿಪೊಟ್ಟಣದಂಥ ಆಕ್ಷನ್ ಕ್ಯಾಮೆರಾ. ‘ಗೋಪ್ರೊ ಇದ್ದ ಮೇಲೆ ಮತ್ತೇನು?’ ಎನ್ನುವ ತರುಣರು ಮನೆಗೊಬ್ಬರಿದ್ದಾರೆ. ಅದು ಹುಟ್ಟಿದ ಕಥೆ ತಿಳಿದರೆ ಅದರ ಮಿತಿಯೂ ತಿಳಿಯುತ್ತದೆ. ಅಮೆರಿಕದ ನಿಕ್ ವುಡ್‌ಮನ್ ಎಂಬ ಸರ್ಫಿಂಗ್ ಹುಚ್ಚಿನ ಯುವಕ, ನೀರೊಳಗೆ ಇರುವವನೇ ತನ್ನ ಆಟವನ್ನು ತಾನು ಹಿಡಿಯುವಂತಾಗಬೇಕು ಎಂದು ಮಣಿಕಟ್ಟಿಗೆ ಕಟ್ಟುವ ಕ್ಯಾಮೆರಾ ಮಾಡಿದ. 2004ರಲ್ಲಿ ಬಂದ ಮೊದಲನೆಯದು ರೀಲು ಹಾಕುವಂಥದ್ದು. ಅಂದರೆ ಇದು ಆಡುವವರ ಕ್ಯಾಮೆರಾ, ನೋಡುವವರದ್ದಲ್ಲ. ಅದರ ಕಣ್ಣು ಬಹಳ ಅಗಲ, ಹಾಗಾಗಿ ಎದೆಮಟ್ಟ ಎದ್ದ ಅಲೆ ಕೂಡ ಅದರಲ್ಲಿ ಬಚ್ಚಲ ನೀರಿನಂತೆ ಕಾಣುತ್ತದೆ. ಹೆಲ್ಮೆಟ್ಟಿಗೆ ಕಟ್ಟಿಕೊಂಡರೆ ಸಿಗುವುದು ಮುಂದೆ ಕೂತವರ ಬೆನ್ನು. ರ‍್ಯಾಫ್ಟಿನ ಮೂತಿಗೆ, ಮುಖಗಳ ಕಡೆ ತಿರುಗಿಸಿ, ದಾರ ಹಾಕಿ ಭದ್ರವಾಗಿ ಕಟ್ಟಿದರೆ ಒಳ್ಳೆಯ ವಿಡಿಯೊ ಬರುತ್ತದೆ, ಅಲ್ಲಗಳೆಯುವುದಿಲ್ಲ. ಗಾಜಿನ ಮೇಲೆ ಹನಿ ನಿಲ್ಲದಂತೆ ಸರ್ಫಿಂಗ್ ಛಾಯಾಗ್ರಾಹಕರು ಅದಕ್ಕೆ ಎಂಜಲು ಸವರಿ ತೊಳೆಯುತ್ತಾರೆ. ಮಡಿಯವರು ಮುಖ ಸಿಂಡರಿಸಬೇಡಿ, ಇದು ನಿಜ. ಆದರೆ ದಡದಲ್ಲಿ ನಿಂತವಳ ಕೈಗೆ ಗೋಪ್ರೊ ಕೊಡುವುದೆಂದರೆ ಹುರಿಯುವವಳ ಕೈಗೆ ಇಡ್ಲಿ ಪಾತ್ರೆ ಕೊಟ್ಟ ಹಾಗೆ.

ಮೊಬೈಲಿನ ಜಾಹೀರಾತಿನಲ್ಲಿ ಬರುವ ಐಪಿ 68 ಎಂಬ ಮಂತ್ರವನ್ನೂ ನಂಬಿ ನೀರಿಗಿಳಿಯಬೇಡಿ. ಆ ಪರೀಕ್ಷೆ ಮಾಡುವುದು ನಿಂತ ಸಿಹಿನೀರಿನಲ್ಲಿ. ಬಂಡೆಗೆ ಬಡಿದು ಚಿಮ್ಮುವ ಕಾಳಿಯ ರಭಸ ಅದರಲ್ಲಿ ಸೇರಿಲ್ಲ. ನೀರು ಹೊಕ್ಕು ಕೆಟ್ಟರೆ ಸಾಮಾನ್ಯವಾಗಿ ವಾರಂಟಿಯೂ ಬರುವುದಿಲ್ಲ. ದಡದ ಮೇಲಿನ ತುಂತುರಿಗಾದರೆ ಒಂದು ಪಾರದರ್ಶಕ ಪ್ಲಾಸ್ಟಿಕ್ ಚೀಲ, ಎರಡು ರಬ್ಬರ್ ಬ್ಯಾಂಡು ಸಾಕು. ರೆಸಾರ್ಟಿನವರು ಸ್ನಾನಕ್ಕೆ ಕೊಡುವ ಶವರ್ ಕ್ಯಾಪು ಇದೆಯಲ್ಲ, ಅದು ಕ್ಯಾಮೆರಾದ ತಲೆಗೆ ಅಳತೆ ಕೊಟ್ಟು ಹೊಲಿಸಿದಂತೆ ಕೂರುತ್ತದೆ.

ನೀರಿಗಿಂತ ದೊಡ್ಡ ಶತ್ರು ನಮ್ಮ ಈ ಸೀಮೆಯ ತಂಪು ಹವೆ. ಜೋಯಿಡಾ, ದಾಂಡೇಲಿಯ ಮಳೆಗಾಲದಲ್ಲಿ ಚಪ್ಪಲಿಗೆ, ಚರ್ಮದ ಬೆಲ್ಟಿಗೆ ಬೂಷ್ಟು ಬರುವುದು ನಿಮಗೆ ಗೊತ್ತು. ಲೆನ್ಸಿನ ಒಳಗಿನ ಗಾಜಿಗೂ ಬರುತ್ತದೆ, ಜೇಡರ ಬಲೆಯ ಹಾಗೆ ಹಬ್ಬುತ್ತದೆ. ಚರ್ಮದ ಚೆಂದದ ಕ್ಯಾಮೆರಾ ಚೀಲದಲ್ಲಿ ಮುಚ್ಚಿಟ್ಟು ಮೂರು ತಿಂಗಳು ಮರೆಯುವುದು ಗಂಡಸರ ಪದ್ಧತಿ. ಹಪ್ಪಳ, ಸಂಡಿಗೆಯನ್ನು ಆಷಾಢ ದಾಟಿಸುವುದು ಹೇಗೆಂದು ಬಲ್ಲ ನಮಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಗಾಳಿಯಾಡದ ಬಿಗಿಮುಚ್ಚಳದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪುಡಿಕೆ, ಅದು ತೇವ ಹೀರಿ ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸುವುದು. ಅಡುಗೆಯ ಪಾತ್ರೆಯಲ್ಲಿ ಮಾತ್ರ ಬೇಡ. ಅಕ್ಕಿ ಹಾಕಿದರೂ ಆಗುತ್ತದೆ ಎನ್ನುತ್ತಾರೆ, ಹಾಕಬೇಡಿ, ಅದರ ಧೂಳು ಲೆನ್ಸಿನ ಸಂದಿಗೆ ಹೋಗುತ್ತದೆ.

ಬೆಳಕಿನ ವಿಷಯಕ್ಕೆ ಒಂದು ಮಾತು. ಕಾಳಿಯ ಎರಡೂ ದಡದಲ್ಲಿ ಕಪ್ಪು ಹಸಿರಿನ ಕಾಡು, ನಡುವೆ ಬೆಳ್ಳಗಿನ ನೊರೆ. ಕ್ಯಾಮೆರಾ ಸ್ವಂತ ಬುದ್ಧಿಯಿಂದ ಅಳೆದರೆ ಎರಡರ ನಡುವೆ ಮೋಸ ಹೋಗುತ್ತದೆ. ಚೌಕಟ್ಟಿನಲ್ಲಿ ಕಾಡೇ ಹೆಚ್ಚಾಗಿದ್ದರೆ ನೊರೆ ಸುಣ್ಣ ಬಳಿದಂತೆ ಬೆಳ್ಳಗಾಗುತ್ತದೆ, ಆಗ ಬೆಳಕು ಸ್ವಲ್ಪ ಇಳಿಸಿ. ನೊರೆಯೇ ತುಂಬಿದ್ದರೆ ಮುಖಗಳು ಕಪ್ಪಾಗುತ್ತವೆ, ಆಗ ಏರಿಸಿ. ಒಗ್ಗರಣೆಯ ಉರಿ ಏರಿಸಿ ಇಳಿಸಿದಷ್ಟೇ. ರ‍್ಯಾಫ್ಟುಗಳು ಒಂದರ ಹಿಂದೆ ಒಂದು ಹೆಚ್ಚುಕಡಿಮೆ ಅದೇ ದಾರಿಯಲ್ಲಿ ಬರುತ್ತವೆ. ಮೊದಲನೆಯದು ಎಲ್ಲಿ ಧುಮುಕಿತು ನೋಡಿ, ಎರಡನೆಯದಕ್ಕೆ ಅಲ್ಲೇ ಕಾದು ಕುಳಿತರಾಯಿತು. ಕಾಯುವುದು ಕೂಡ ನಮಗೆ ಯಾರೂ ಕಲಿಸಬೇಕಾದ ವಿದ್ಯೆಯಲ್ಲ.

ಆದರೆ ಕೆಳಗಿನ ಬಂಡೆಯ ಮೇಲೆ ಕುಳಿತು ಕಾಯಬೇಡಿ. ಇದನ್ನು ಗಟ್ಟಿಯಾಗಿ ಹೇಳುತ್ತಿದ್ದೇನೆ. ಇಲ್ಲಿ ನದಿಯ ಮಟ್ಟ ಮೋಡ ನೋಡಿ ತಿಳಿಯುವಂಥದ್ದಲ್ಲ. ಮೇಲೆ ಗಣೇಶಗುಡಿಯಲ್ಲಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟೆ ಇದೆ. ಅದರ ಬುಡದ ವಿದ್ಯುದಾಗಾರ ನೀರು ಬಿಟ್ಟಾಗ ನದಿ ಏರುತ್ತದೆ, ನಿಲ್ಲಿಸಿದಾಗ ಇಳಿಯುತ್ತದೆ. ರ‍್ಯಾಫ್ಟಿಂಗಿಗೆ ರಭಸ ಕೊಡುವುದೂ ಅದೇ ನೀರು. ಬಿಸಿಲಿನಲ್ಲಿ ಒಣಗಿದ ಬಂಡೆ ಎಂದು ಚೀಲ ಇಟ್ಟು ಕುಳಿತಿರುತ್ತೀರಿ, ಹಿಂದಿನ ಬಂಡೆಗೆ ದಾರಿ ಮುಚ್ಚಿಹೋಗಿರುತ್ತದೆ. ಸ್ಥಳೀಯರನ್ನು ಕೇಳಿ, ಎತ್ತರದ ದಡ ಹಿಡಿಯಿರಿ. 250 ಮಿ.ಮೀ. ಲೆನ್ಸು ಇರುವುದೇ ದೂರದಿಂದ ತೆಗೆಯುವುದಕ್ಕೆ. ಅಣೆಕಟ್ಟೆಯ ಕಡೆ ಕ್ಯಾಮೆರಾ ತಿರುಗಿಸುವ ಮೊದಲು ಅನುಮತಿ ಕೇಳಿ. ಡ್ರೋನಿನ ಮಾತಂತೂ ಅನುಮತಿಯಿಲ್ಲದೆ ಎತ್ತಲೇಬೇಡಿ, ಒಂದು ಕಡೆ ಅಣೆಕಟ್ಟೆ, ಇನ್ನೊಂದು ಕಡೆ ಕಾಳಿ ಹುಲಿ ಸಂರಕ್ಷಿತ ಪ್ರದೇಶ.

ಸೂಪಾ ಎಂದಾಗೆಲ್ಲ ನನಗೆ ಒಂದು ಯೋಚನೆ ಬರುತ್ತದೆ. ಆ ಹೆಸರಿನ ಊರು ಈಗ ನೀರಿನ ಅಡಿಯಲ್ಲಿದೆ, ತಾಲ್ಲೂಕಿನ ಕೇಂದ್ರ ಜೋಯಿಡಾಕ್ಕೆ ಬಂತು. ಮುಳುಗುವ ಮೊದಲು ಆ ಮನೆಗಳ ಅಂಗಳ, ತುಳಸಿಕಟ್ಟೆ, ನೀರು ಸೇದುವ ಬಾವಿ ಇವನ್ನು ಆ ಮನೆಯ ಹೆಂಗಸರೇ ಚಿತ್ರ ತೆಗೆದಿಟ್ಟಿದ್ದರೆ? ಆಗ ಎಷ್ಟು ಮನೆಯಲ್ಲಿ ಕ್ಯಾಮೆರಾ ಇತ್ತು, ಇದ್ದರೂ ಯಾರ ಕೈಯಲ್ಲಿತ್ತು?

ಇದು ಬರೀ ಅಲ್ಬಮ್ಮಿನ ಮಾತೂ ಅಲ್ಲ. 2022ರ ಏಪ್ರಿಲಿನಲ್ಲಿ ಗಣೇಶಗುಡಿಯ ಬಳಿ ಮಿತಿಮೀರಿ ಜನರನ್ನು ಕೂರಿಸಿಕೊಂಡ ಒಂದು ರ‍್ಯಾಫ್ಟು ಅಪಾಯಕ್ಕೆ ಸಿಕ್ಕ ವಿಡಿಯೊ ಎಲ್ಲರ ಮೊಬೈಲಿಗೂ ಬಂತು. ಅದು ಹರಿದಾಡಿದ ಮೇಲೆಯೇ ಆಡಳಿತ ಎಚ್ಚೆತ್ತು ಜಲಕ್ರೀಡೆಗಳನ್ನು ಕೆಲಕಾಲ ನಿಲ್ಲಿಸಿತು. ರ‍್ಯಾಫ್ಟಿನಲ್ಲಿ ಎಷ್ಟು ಜನ, ಮಗುವಿಗೆ ಹೆಲ್ಮೆಟ್ ಇದೆಯೇ, ಜಾಕೆಟ್ಟಿನ ಪಟ್ಟಿ ಹಾಕಿದ್ದಾರೆಯೇ ಎಂಬುದನ್ನು ದಡದಿಂದ ಮುಖ ಗುರುತು ಸಿಗುವಷ್ಟು ಸ್ಪಷ್ಟವಾಗಿ ಹಿಡಿಯಬಲ್ಲವಳು ಒಬ್ಬಳು ಅಲ್ಲಿ ದಿನವೂ ನಿಂತಿದ್ದರೆ, ಹೆಚ್ಚು ಜನರನ್ನು ತುಂಬುವವರಿಗೆ ಸ್ವಲ್ಪವಾದರೂ ಅಂಜಿಕೆ ಇರುತ್ತದೆ.

ಸಂಪಾದನೆಯ ಮಾತಿಗೆ ಬರೋಣ, ನನ್ನ ತಂಗಿಯ ಮನೆಯಲ್ಲಿ ಜಗಳ ನಿಂತಿರುವುದು ಅಲ್ಲಿಯೇ. ಗಣೇಶಗುಡಿ, ಜೋಯಿಡಾ ಸುತ್ತಿನ ಹೋಂಸ್ಟೇಗಳಲ್ಲಿ ರೊಟ್ಟಿ ಬಡಿಯುವವರು, ಹಾಸಿಗೆ ಹಾಸುವವರು, ಪಾತ್ರೆ ತೊಳೆಯುವವರು ಹೆಂಗಸರು. ಕ್ಯಾಮೆರಾ ಹಿಡಿದು ನದಿಗೆ ಹೋಗಿ ಪ್ರವಾಸಿಗರಿಂದ ಚಿತ್ರಕ್ಕೆ ದುಡ್ಡು ಎಣಿಸುವವರು ನಾನು ಕಂಡಂತೆ ಹುಡುಗರೇ. ನೀರಿನ ಮೇಲೆ ಹುಡುಗಿಯರು ಯಾವತ್ತೋ ಇಳಿದಾಯಿತು. ಕರಾವಳಿಯ ತನ್ವಿ ಜಗದೀಶ್ ಹಲಗೆಯ ಮೇಲೆ ನಿಂತು ಹುಟ್ಟು ಹಾಕುವ ಆಟದಲ್ಲಿ ಭಾರತವನ್ನೇ ಪ್ರತಿನಿಧಿಸಿದವರು. ಹುಡುಗಿ ನೀರಿನ ಮೇಲೆ ನಿಂತರೆ ಚಪ್ಪಾಳೆ, ದಡದಲ್ಲಿ ನಿಂತು ದುಡಿದರೆ ಮಾತ್ರ ‘ನಾಲ್ಕು ಜನ ಏನಂದಾರು’.

ತಂಗಿ ಮಹಿಳಾ ಸಂಘದಲ್ಲಿ ಕೂಡಿಟ್ಟ ದುಡ್ಡು ಇದೆ. ಅದು ಹುಡುಗಿಯ ಮದುವೆಯ ಬಂಗಾರಕ್ಕೆ ಎಂದು ಅವಳ ಗಂಡನ ಹಟ. ‘ಲೆನ್ಸು ಇವತ್ತು ಐತಿ, ನಾಳೆ ನೀರಾಗ ಬಿದ್ರ? ಬಂಗಾರ ಎಲ್ಲಿ ಹೋಗ್ತದ ವೈನಿ?’ ಎಂದು ನನ್ನನ್ನೇ ಕೇಳುತ್ತಾರೆ. ಕಪಾಟಿನಲ್ಲಿ ಕೂತ ಎರಡು ಬಳೆ ಒಂದು ರೂಪಾಯಿ ದುಡಿಯುವುದಿಲ್ಲ ಎಂದು ನಾನೂ ಬಿಡದೆ ಹೇಳಿದ್ದೇನೆ. ಅದೇ ಮನೆಯಲ್ಲಿ ಮಗನಿಗೆ ಮೋಟಾರ್ ಸೈಕಲ್ ಕೊಡಿಸುವಾಗ ಅದು ಹೊಳೆಗೆ ಬಿದ್ದರೆ ಎಂದು ಯಾರೂ ಕೇಳಲಿಲ್ಲ. ಹೊಸ ಬಾಡಿಯೇ ಬೇಕೆಂದು ಹುಡುಗಿಯೂ ಹಟ ಹಿಡಿದಿಲ್ಲ. ಸೆಕೆಂಡ್ ಹ್ಯಾಂಡ್ ಬಾಡಿ, ಒಂದು ಲೆನ್ಸು, ಒಂದು ವೇಗದ ಕಾರ್ಡು, ಹಪ್ಪಳದ ಡಬ್ಬಿ, ಇಷ್ಟೇ ಅವಳ ಪಟ್ಟಿ. ತಂಗಿ ಗಂಡನಿಗೆ ಹೇಳದೆಯೇ ಸಂಘದ ಪಾಸ್‌ಬುಕ್ಕನ್ನು ಮಗಳ ಕೈಗೆ ಕೊಟ್ಟಿದ್ದಾಳೆ.

ಬರುವ ವಾರ ತಾಯಿ ಮಗಳು ಮತ್ತೆ ಹುಬ್ಬಳ್ಳಿಗೆ ಹೋಗುತ್ತಾರೆ, ಈ ಸಲ ಬೇರೆ ಅಂಗಡಿಗೆ. ಮೆಗಾಪಿಕ್ಸೆಲ್ ಎಷ್ಟು ಎಂದು ಕೇಳಬೇಡಿ ಎಂದು ಹೇಳಿ ಕಳಿಸುತ್ತಿದ್ದೇನೆ. ಲೆನ್ಸಿನ ಎರಡೂ ಮುಚ್ಚಳ ತೆಗೆದು, ಒಂದು ಕಡೆಯಿಂದ ಟಾರ್ಚ್ ಬಿಟ್ಟು, ಇನ್ನೊಂದು ಕಡೆಯಿಂದ ಓರೆಯಾಗಿ ನೋಡಬೇಕು, ಒಳಗೆ ಬಲೆಯಂಥ ಬೂಷ್ಟು ಕಂಡರೆ ಎಷ್ಟು ಅಗ್ಗವಾದರೂ ಬೇಡ. ಜೂಮ್ ಬಳೆಯನ್ನು ಕಿವಿಯ ಹತ್ತಿರ ಹಿಡಿದು ತಿರುಗಿಸಬೇಕು, ಕರಕರ ಎಂದರೆ ಮರಳು ಹೊಕ್ಕಿದೆ. ಬಾಡಿಗೆ ಹಾಕಿ ರಸ್ತೆಯಲ್ಲಿ ಓಡುವ ಆಟೋಗಳ ಮೇಲೆ ಸತತವಾಗಿ ಹತ್ತಿಪ್ಪತ್ತು ಚಿತ್ರ ಒತ್ತಿ, ನಂಬರ್ ಪ್ಲೇಟು ಎಷ್ಟರಲ್ಲಿ ಸರಿಯಾಗಿ ಓದಲು ಬರುತ್ತದೆ ಎಂದು ಎಣಿಸಬೇಕು. ಟಾರ್ಚನ್ನು ನಾನೇ ಕೊಟ್ಟಿದ್ದೇನೆ, ಹೊಸ ಸೆಲ್ಲು ಹಾಕಿ.